ಅರ್ಧ ಒಡಲಿನ ಲೆಕ್ಕ

ಗ್ಯುಹೊನನ್ನು ಮರಳಿ ಕರೆತರಲೇಬೇಕೆಂದು ನಿಶ್ಚಯಿಸಿ, ಮಾ ಥೆಸಿಕ್ ಅವರು ಗೊಜೆ ದ್ವೀಪದ ಸೇತುವೆ ದಾಟಿ ಟೊಂಗ್‌ಯೊಂಗಿನ ಸಿಂಪಿ ಬಿಡಿಸುವ ಕೊಟ್ಟಿಗೆಗಳತ್ತ ಹೊರಟರು. ಹಡಗುಕಟ್ಟೆಯ ವಿನ್ಯಾಸ ವಿಭಾಗಕ್ಕೆ ಅವರು ಮುಖ್ಯಸ್ಥರು. ಹಡಗಿನ ಒಡಲು ಎಷ್ಟು ಭಾರ ತಾಳೀತೆಂದು ಗಣಿಸುವ ವಿದ್ಯೆಯಲ್ಲಿ ಅಲ್ಲಿನ ಎಂಜಿನಿಯರುಗಳೆಲ್ಲ ಅವರ ಶಿಷ್ಯರೇ. ಗ್ಯುಹೊ ಅವರಲ್ಲಿ ಅತ್ಯಂತ ಸೂಕ್ಷ್ಮಮತಿಯಾಗಿದ್ದವನು.

ಆ ವಿಭಾಗದಲ್ಲೊಂದು ರೂಢಿಯಿತ್ತು. ಹಡಗಿನ ಎಡಬಲಗಳು ಸಮಾನವಾದುದರಿಂದ ಕಂಪ್ಯೂಟರಿನಲ್ಲಿ ಅರ್ಧ ಒಡಲನ್ನಷ್ಟೇ ರಚಿಸಿ, ಅದರ ಮೇಲೆ ಅಲೆಗಳ ಭಾರವನ್ನು ಹೇರಿ, ಉಳಿದರ್ಧವನ್ನು ಅದರ ಪ್ರತಿಬಿಂಬವೆಂದು ನಂಬುವುದು. ಕಂಪ್ಯೂಟರುಗಳು ಮಂದಗತಿಯವಾಗಿದ್ದ ಕಾಲದಲ್ಲಿ ಅನಿವಾರ್ಯವಾಗಿ ಹುಟ್ಟಿದ ಈ ಉಪಾಯ, ಆ ಅನಿವಾರ್ಯತೆ ತೀರಿದ ಮೇಲೆ ಶಾಸ್ತ್ರದ ಪದವಿಗೇರಿತ್ತು. ಕಡಲ ನಡುವೆ ನಿಂತು ತೈಲ ಸಂಗ್ರಹಿಸಬೇಕಾದ ನೌಕೆಯೊಂದರ ಪರಿಶೀಲನಾ ಸಭೆಯಲ್ಲಿ ಗ್ಯುಹೊ ಎದ್ದು ನಿಂತಿದ್ದ.

“ಸರ್, ಎಡಗಡೆ ಗೋಡೇಲಿ ಕೊಳವೆಗೆ ಅಂತ ಕಂಡಿ ಕೊರೆದಿದ್ದೀವಿ. ಬಲಗಡೆ ಇಲ್ಲ. ಲೆಕ್ಕ ಹಾಕಿರೋದು ಬಲಗಡೇದು. ಒಂದ್ಸಲ ಇಡೀ ಹಡಗನ್ನೇ ಮಾಡಿ ನೋಡೋಣವಾ?”

“ನೀನು ಬೂಟ್ ತಗೊಳ್ಳೋವಾಗ ಎರಡೂ ಕಾಲಿಗೆ ಹಾಕಿ ನೋಡ್ತೀಯೇನಪ್ಪ?” ಎಂದಿದ್ದರು ಥೆಸಿಕ್. “ಒಂದು ಕಾಲಿಗೆ ಸರಿಹೋದ್ರೆ ಇನ್ನೊಂದಕ್ಕೂ ಹೋಗುತ್ತೆ.”

ಸಭೆ ನಕ್ಕಿತು. ಸಂಜೆ ಕಚೇರಿಯವರೆಲ್ಲ ಕೂಡಿ ಉಣ್ಣುವಾಗ, ಸೋಜು ಮದ್ಯ ಸುರಿಯುತ್ತ, ‘ಜೋಡಿಬೂಟು’ ಎಂದು ಅವನನ್ನು ಕರೆದರು. ಆ ಹೆಸರೇ ನಿಂತಿತು. ನೌಕೆ ಕಡಲಿಗಿಳಿದ ಮೇಲೆ ಗ್ಯುಹೊ ಕೆಲಸ ಬಿಟ್ಟು ಅತ್ತೆಯ ಸಿಂಪಿ ಕೊಟ್ಟಿಗೆ ಸೇರಿದ.

ಈ ಚಳಿಗಾಲ ಉತ್ತರ ಸಮುದ್ರದ ಅಲೆಗಳ ಹೊಡೆತಕ್ಕೆ ಆ ಕಂಡಿಯ ಮೂಲೆಯಿಂದಲೇ ಉಕ್ಕು ಬಿರಿಯಿತು. ನೌಕೆಯಲ್ಲಿದ್ದವರನ್ನು ಸುರಕ್ಷಿತವಾಗಿ ದಡಕ್ಕೆ ತಂದರು. ಅದೇ ವಿನ್ಯಾಸದ ನೌಕೆಗಳ ಬಲವನ್ನೆಲ್ಲ ಮತ್ತೆ ಗಣಿಸಬೇಕೆಂದು ಆಡಳಿತ ಆಜ್ಞಾಪಿಸಿದಾಗ, ಆ ಕಾರ್ಯವನ್ನು ಗ್ಯುಹೊನಿಗೇ ಒಪ್ಪಿಸಬೇಕೆಂದು ಥೆಸಿಕ್ ಬೇಡಿ ಒಪ್ಪಿಗೆ ಪಡೆದಿದ್ದರು. ಶಿಷ್ಯನ ಸಂದೇಹವನ್ನು ಹಾಸ್ಯದಿಂದ ಕೊಂದ ಗುರುವಿಗೆ ಬೇರೆ ಪ್ರಾಯಶ್ಚಿತ್ತ ತೋಚಲಿಲ್ಲ.

ಕೊಟ್ಟಿಗೆಯಲ್ಲಿ ಹೆಂಗಸರು ಸಾಲಾಗಿ ಕುಳಿತು ಸಿಂಪಿ ಬಿಡಿಸುತ್ತಿದ್ದರು. ಗ್ಯುಹೊನ ಅತ್ತೆ ತಲೆಯೆತ್ತಿ ಕೂಗಿದಳು: “ಅಳಿಯಂದ್ರೇ, ಟೈ ಕಟ್ಕೊಂಡೋರು ಬಂದಿದ್ದಾರೆ. ಏನ್ ಮಾಡ್ಕೊಂಡ್ರಿ?”

ಗ್ಯುಹೊ ಹಗ್ಗದ ಸುರುಳಿ ಇಳಿಸಿ ಬಾಗಿ ವಂದಿಸಿದ. ಥೆಸಿಕ್ ಚಾಚಿದ ಬಿರುಕಿನ ಚಿತ್ರವನ್ನು ಬಹಳ ಹೊತ್ತು ನೋಡಿದ.

“ಯಾರಿಗಾದ್ರೂ ಏಟಾಯ್ತಾ ಸರ್?”

“ಇಲ್ಲಪ್ಪ.”

“ಸದ್ಯ.”

ಥೆಸಿಕ್ ಕೊಟ್ಟಿಗೆಯ ನಡುವೆ ಬಂದು ನಿಂತರು. ಹೆಂಗಸರ ಕೈಯ ಚೂರಿಗಳು ನಿಂತವು. “ಎಲ್ಲರೆದುರಿಗೆ ನಗಿಸಿದ್ದೆ. ಅದಕ್ಕೆ ಎಲ್ಲರೆದುರಿಗೇ ಹೇಳ್ತೀನಿ. ನೀನು ಸರಿ, ನಾನು ತಪ್ಪು. ವಾಪಸ್ ಬಾ, ಈ ಲೆಕ್ಕ ನೀನೇ ನಡೆಸು.”

“ಹೋಗಿ ಬನ್ರೀ,” ಎಂದಳು ಅತ್ತೆ. “ನೀವು ಹಗ್ಗಕ್ಕೆ ಹಾಕೋ ಗಂಟು ಇವತ್ತಿಗೂ ಬಿಚ್ಕೊಳ್ಳುತ್ತೆ. ಸಿಂಪಿಗಳೇನೂ ಅಳಲ್ಲ.”

ಎಲ್ಲರೂ ನಕ್ಕರು, ಗ್ಯುಹೊ ಕೂಡ. ಬಳಿಕ ಮೆಲ್ಲನೆ ಹೇಳಿದ: “ನೀವು ನಕ್ಕಿದ್ದಕ್ಕೆ ಬೇಜಾರಿಲ್ಲ ಸರ್. ಅವತ್ತು ರಾತ್ರಿ ಮನೇಲಿ ಕೂತು ಇಡೀ ಹಡಗಿನ ಲೆಕ್ಕ ಮಾಡ್ಬಹುದಿತ್ತು. ಮಾಡ್ಲಿಲ್ಲ. ನೀವು ನಕ್ಕಿದ್ದೀರಂದ್ರೆ ನಾನೇ ತಪ್ಪಿರ್ಬೇಕು ಅಂತ ನಂಬಿಬಿಟ್ಟೆ. ಅಂಥವನ ಕೈಗೆ ಜನ ಇರೋ ಹಡಗು ಕೊಡಬೇಡಿ.”

“ಆ ನಂಬಿಕೆ ಕಲಿಸಿದೋನು ನಾನಲ್ವಾ?”

“ಇರಬಹುದು ಸರ್. ಈಗ ಅದು ನನ್ನದು.”

ಥೆಸಿಕ್ ಚಿತ್ರವನ್ನು ಮಡಚಿಕೊಂಡು ಒಬ್ಬರೇ ಸೇತುವೆ ದಾಟಿ ಮರಳಿದರು.

ಆ ವಾರ ಥೆಸಿಕ್ ತಾವೇ ಇಡೀ ನೌಕೆಯ ಗಣನೆಯನ್ನು ಆರಂಭಿಸಿದರು. ತರುಣರನ್ನೆಲ್ಲ ಕೂಡಿಸಿ ತಮ್ಮ ಕ್ರಮವನ್ನು ಆದ್ಯಂತ ವಿವರಿಸಿ, “ನಾನು ಎಲ್ಲಿ ತಪ್ಪಿದ್ದೀನಿ, ಹೇಳ್ರಪ್ಪ,” ಎಂದು ಕೇಳಿದರು.

ತರುಣರು ಮುಖ ಮುಖ ನೋಡಿಕೊಂಡರು.

“ಎಲ್ಲಾ ಸರಿಯಾಗಿದೆ ಸರ್,” ಎಂದ ಒಬ್ಬ, ವಿನಯದಿಂದ.