ಜರಡಿ ಹಿಡಿದ ಮಣ್ಣು

ಅಗೆಯುವ ಯಂತ್ರದ ಬಕೆಟ್ಟಿನ ಹಲ್ಲು ಕರ್ರೆಂದು ಕಲ್ಲಿಗೆ ತಾಗಿದ್ದೇ ತಡ, ಅಳುತ್ತಿದ್ದವರೂ ಅಳು ನಿಲ್ಲಿಸಿ ಕತ್ತು ಉದ್ದ ಮಾಡಿದರು.

ಅಳಿಯ ಯಂತ್ರದ ಸದ್ದಡಗಿಸಿ ಕೂತಲ್ಲಿಂದಲೇ ಬಗ್ಗಿ ನೋಡಿದ. ಮಾವನ ಗುಂಡಿಯನ್ನು ಮಾವನ ಯಂತ್ರದಲ್ಲೇ ತೋಡುತ್ತೇನೆಂದು ಹಟ ಹಿಡಿದವನು ಅವನೇ. ಎದೆಮಟ್ಟ ಇಳಿಯುವವರೆಗೂ ಮಣ್ಣು ಹಿಟ್ಟಿನ ಹಾಗೆ ಬಂದಿತ್ತು. ಈಗ ಗುಂಡಿಯ ಒಂದು ಪಕ್ಕೆಯಲ್ಲಿ ತಲೆ ಗಾತ್ರದ ಕಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು.

"ಜರಡಿಯ ನೆಲದಲ್ಲಿ ಕಲ್ಲಾ!" ಎಂದರು ಸ್ಮಶಾನ ಸಮಿತಿಯ ಅಧ್ಯಕ್ಷರು. ದುಃಖಕ್ಕೆಂದು ತಂದಿದ್ದ ಮುಖವನ್ನು ಅವರು ಆಗಲೇ ಮಡಿಸಿ ಜೇಬಿಗೆ ಹಾಕಿಕೊಂಡಿದ್ದರು.

ಜರಡಿ ಅಂದರೆ ಪೆಟ್ಟಿಗೆಯೊಳಗೆ ಮಲಗಿದ್ದವನು. ಹೆತ್ತವರಿಟ್ಟ ಹೆಸರು ಹೆಂಡತಿಗೂ ಮರೆತುಹೋಗುವಷ್ಟು ಗಟ್ಟಿಯಾಗಿ ಈ ಹೆಸರು ಅಂಟಿಕೊಂಡಿತ್ತು. ಮೂವತ್ತನಾಲ್ಕು ವರ್ಷ ಊರವರ ಹೊಲಗಳಿಂದ ಕಲ್ಲು ತೆಗೆದದ್ದೇ ಅವನ ಬದುಕು. ಒಂದು ಬಕೆಟ್ಟಿನ ತಳ ಕತ್ತರಿಸಿ, ಎರಡು ಬೆರಳು ಸಂದು ಬಿಟ್ಟು ಕಂಬಿಗಳನ್ನು ಬೆಸೆದುಕೊಂಡಿದ್ದ. ಮಣ್ಣು ಬಾಚಿ ಎತ್ತುವನು, ಲಿವರನ್ನು ಸಣ್ಣಗೆ ಕುಲುಕುವನು. ಮಣ್ಣೆಲ್ಲ ಉದುರಿ ಹೊಲಕ್ಕೆ, ಕಲ್ಲು ಮಾತ್ರ ಬಕೆಟ್ಟಿನಲ್ಲಿ. ಆ ಬಕೆಟ್ಟನ್ನು ಇವತ್ತು ತೊಳೆದು ತಂದು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದರು. ಅವನು ಹಸನು ಮಾಡಿದ ಹೊಲದಲ್ಲಿ ಕಣ್ಣು ಕಟ್ಟಿಕೊಂಡು ಬರಿಗಾಲಲ್ಲಿ ಓಡಾಡಬಹುದು ಎಂದು ಜನ ಹೇಳುತ್ತಿದ್ದರು. ಸ್ಮಶಾನದ ಈ ಹೊಸ ಪಾಲನ್ನು ಹನ್ನೊಂದು ವರ್ಷದ ಹಿಂದೆ ಹಸನು ಮಾಡಿದವನೂ ಅವನೇ. ಗೇಟಿನ ಮೇಲೆ ಹಾಗಂತ ಬರೆದ ಹಲಗೆಯೂ ಇತ್ತು.

ಪೆಟ್ಟಿಗೆಯ ತಲೆಯ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹೆಂಡತಿಯೂ ಗುಂಡಿಯ ಕಡೆ ನೋಡಿದಳು. ಉಳಿದವರಿಗೆಲ್ಲ ಆಶ್ಚರ್ಯ, ಅವಳಿಗೆ ಅದೊಂದು ಮಾತ್ರ ಆಗಲಿಲ್ಲ. ಇಲ್ಲಿ ಕಲ್ಲಿದೆ ಎಂದು ಅವಳಿಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಬಯಲಾಗುವುದಕ್ಕೆ ಇವತ್ತೇ ಆಗಬೇಕಿತ್ತಾ, ಹಾಳಾದ್ದು, ಇವತ್ತೇ? ಎಂದು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

*

ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಬಂದಾಗ ಇಲ್ಲಿ ಲಾರಿ ಇರಲಿಲ್ಲ. ಕಲ್ಲು ಸಾಗಿಸುವ ಲಾರಿಯೇ ಇಲ್ಲದ ದಿನ ಇವರೇನು ಮಾಡುತ್ತಿದ್ದಾರೆ ಎಂದು ನೋಡಿದರೆ, ನೆಲದ ಉದ್ದಕ್ಕೂ ಆಳವಾಗಿ ಅಗೆದು, ಆರಿಸಿ ಒಟ್ಟಿದ್ದ ಕಲ್ಲನ್ನೆಲ್ಲ ಗಂಡ ಅದಕ್ಕೆ ತುಂಬುತ್ತಿದ್ದ. ಅರ್ಧದಷ್ಟು ದೂರಕ್ಕೆ ಆಗಲೇ ಮೇಲೆ ಮಣ್ಣು ಎಳೆದಾಗಿತ್ತು.

ಅವಳನ್ನು ಕಂಡು ಎಂಜಿನ್ ನಿಲ್ಲಿಸಿದ. ಹಿಂದೆ ಮುಂದೆ ಯಾರಾದರೂ ಇದ್ದಾರೋ ಎಂದು ಕಳ್ಳನ ಹಾಗೆ ನೋಡಿದ.

"ಯಾಕೆ ಬಂದೆ?"

"ಡಬ್ಬಿ ಮರೆತು ಬಂದಿದ್ರಿ. ಇದೇನ್ರೀ ಮಾಡ್ತಿರೋದು? ಕಲ್ಲೆಲ್ಲ ರಸ್ತೆಗೆ ಹೋಗ್ಬೇಕು ಅಂದಿದ್ರಲ್ಲ?"

"ನೋಡಿದ್ದನ್ನ ಇಲ್ಲೇ ಬಿಟ್ಟು ಹೋಗು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ಅಂಥದ್ದೇನು, ನನಗೂ ಹೇಳಬಾರದ್ದು?"

"ನಿನಗೇ ಹೇಳಬಾರದು. ನಿನ್ನ ಬಾಯಿಗೆ ಬೀಗ ಎಲ್ಲಿದೆ? ಸಂಜೆ ಅನ್ನೋಷ್ಟರಲ್ಲಿ ಊರಿಗೆಲ್ಲ ಡಂಗುರ."

ಆ ಮಾತು ಅವಳಿಗೆ ನಾಟಿತು. ಸುಳ್ಳಾಗಿದ್ದರೆ ಅಷ್ಟು ನಾಟುತ್ತಿರಲಿಲ್ಲ. ಬೀಗ ಇಲ್ವಾ, ತೋರಿಸ್ತೀನಿ ಎಂದುಕೊಂಡಳು. ಅಂದಿನಿಂದ ಆ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ಹಟಕ್ಕೆ ಬಿದ್ದು ಅವನನ್ನೂ ಕೇಳಲಿಲ್ಲ. ಆದರೆ ಬಾಯಿಗೆ ಬೀಗ ಬಿದ್ದರೆ ಮನಸ್ಸಿಗೂ ಬೀಳುತ್ತದೆಯೇ? ಸಾಗಿಸುವ ತಾಪತ್ರಯ ಬೇಡವೆಂದು ಹೂತುಬಿಟ್ಟಿದ್ದಾನೆ ಎಂದು ಅವಳ ಗುಮಾನಿ. ಇಲ್ಲಿ ಮಾಡಿದವನು ಬೇರೆ ಕಡೆ ಮಾಡಿಲ್ಲವೆಂದು ಏನು ನೆಚ್ಚಿಗೆ? ಅವನು ಹಸನು ಮಾಡಿದ ಹೊಲಗಳಿಗೆ ಏನಾದರೂ ನೆಪ ಹೂಡಿ ಹೋಗುವಳು. ಆ ಮಾತು ಈ ಮಾತು ಆಡುತ್ತಾ ಕೊಡೆಯ ಮೊನೆಯನ್ನು ಮೆಲ್ಲಗೆ ಮಣ್ಣಿಗೆ ಚುಚ್ಚುವಳು. ಒಂದು ಸಲವೂ ಕಲ್ಲು ತಾಗಲಿಲ್ಲ. ತಾಗಲಿಲ್ಲವಾದರೆ ಇನ್ನೂ ಆಳಕ್ಕೆ ಹೂತಿದ್ದಾನೆ ಎಂದುಕೊಂಡು ಮನೆಗೆ ಬರುವಳು. ಹನ್ನೊಂದು ವರ್ಷದಲ್ಲಿ ಮೂರು ಕೊಡೆಗಳ ಮೊನೆ ಮೊಂಡಾಯಿತು.

*

"ಅತ್ತಿಗೆ," ನಾದಿನಿ ಕುರ್ಚಿಯ ಪಕ್ಕ ಕುಕ್ಕರಿಸಿ ಅವಳ ಕಿವಿಗೆ ಬಾಯಿ ಹಚ್ಚಿದಳು. "ನಿಜ ಹೇಳಿ. ಅಣ್ಣ ಅಲ್ಲಿ ಏನಾದ್ರೂ ಬಚ್ಚಿಟ್ಟಿದ್ನಾ?"

"ಏನು ಬಚ್ಚಿಡ್ತಾರೆ?"

"ಮೂವತ್ತನಾಲ್ಕು ವರ್ಷ ಕಂಡಕಂಡ ಹೊಲ ಅಗೆದವನು. ಬರೀ ಕಲ್ಲೇ ಸಿಕ್ತಾ ಅವನಿಗೆ? ಒಂದು ಗಡಿಗೆ, ಒಂದು ಡಬ್ಬ..."

"ಸಿಕ್ಕಿದ್ರೆ ನಾನು ಈ ಹರಿದ ಚಪ್ಪಲೀಲಿ ಬರ್ತಿದ್ನಾ?"

"ನನಗೆ ಅದೇ ಅನುಮಾನ. ಬೇಕಂತಲೇ ಹರಿದದ್ದು ಹಾಕ್ಕೊಂಡು ಬಂದಿದೀರೇನೋ ಅಂತ."

ಅಷ್ಟರಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಈ ಹೊತ್ತಲ್ಲಿ ಆಡೋ ಮಾತಲ್ಲ. ಆದ್ರೆ ಆಡದೆ ವಿಧಿಯಿಲ್ಲ. ಕಲ್ಲೆಲ್ಲ ತೆಗೆದು ರಸ್ತೆಗೆ ಹಾಕಿದೀನಿ ಅಂತ ಸಮಿತಿ ಮುಂದೆ ಹೇಳಿದ್ದ ಮನುಷ್ಯ. ಇದೇನು? ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ದಲ್ವಾ? ಗೇಟಿನ ಮೇಲಿನ ಆ ಹಲಗೆ ಇಳಿಸಬೇಕಾಗುತ್ತೆ. ನಾಳೆ ಜನ ನನ್ನನ್ನ ಕೇಳ್ತಾರೆ."

"ಮಾವ ಅಂಥ ಕೆಲಸ ಮಾಡೋರಲ್ಲ," ಎಂದ ಅಳಿಯ. "ಬೇರೆ ಯಾರೋ ತಂದು ತುಂಬಿರಬೇಕು." ಆದರೆ ಹಾಗನ್ನುವಾಗ ಅವನು ಗುಂಡಿಯನ್ನೇ ನೋಡುತ್ತಿದ್ದ, ಅತ್ತೆಯ ಮುಖ ನೋಡಲಿಲ್ಲ.

 ಇಲ್ಲ ಎನ್ನುವಂತಿಲ್ಲ, ಅವಳೇ ಕಣ್ಣಾರೆ ಕಂಡಿದ್ದಾಳೆ. ಹೌದೆಂದರೆ ಹಲಗೆ ಇಳಿಯುತ್ತದೆ, ಅವನನ್ನು ಮಣ್ಣಿಗಿಡುವ ಮೊದಲೇ ಅವನ ಹೆಸರು ಮಣ್ಣುಪಾಲಾಗುತ್ತದೆ. ಆ ಹೆಸರೊಂದನ್ನು ಬಿಟ್ಟು ಅವನು ಇನ್ನೇನು ಉಳಿಸಿ ಹೋಗಿದ್ದ?

ಆಗ ಕೆಳಗಿನ ಗೋಡೆಯ ಕಡೆಯಿಂದ ಕಾವಲಿನ ಮುದುಕ ನೀರಿನ ಕ್ಯಾನ್ ಹಿಡಿದು ಏದುಸಿರು ಬಿಡುತ್ತಾ ಬಂದ.

"ಅಧ್ಯಕ್ಷರೇ, ಒರತೆ ಕೆಟ್ಟೋಯ್ತು! ಈ ಕ್ಯಾನ್ ತುಂಬೋವರೆಗೂ ತಿಳಿನೀರು ಬರ್ತಿತ್ತು. ನಿಮ್ಮ ಮಷೀನು ಕರ್ರ್ ಅಂದ ಮೇಲೆ ಬರೀ ಕೆಂಪು ಕೆಸರು!"

ಆ ಒರತೆ ಎಲ್ಲರಿಗೂ ಗೊತ್ತಿದ್ದದ್ದೇ. ಗೋಡೆಯ ಬುಡದ ಒಂದು ತೂತಿನಿಂದ ಬೆರಳು ಗಾತ್ರದ ನೀರು ವರ್ಷವಿಡೀ ಸುರಿಯುತ್ತಿತ್ತು. ಗೋರಿಗಳ ಮೇಲಿನ ಗಿಡಗಳಿಗೆ ಜನ ಅದನ್ನೇ ಹಿಡಿದು ಹಾಕುತ್ತಿದ್ದರು. ಹೊಸ ಪಾಲು ಆದ ವರ್ಷವೇ ಅದು ಕಾಣಿಸಿಕೊಂಡಿತ್ತು. ಯಾರ ಪುಣ್ಯವೋ ಎಂದು ಸುಮ್ಮನಾಗಿದ್ದರು.

ಅವಳು ಕ್ಯಾನ್ ನೋಡಿದಳು. ಗುಂಡಿಯ ಪಕ್ಕೆಯ ಕಲ್ಲು ನೋಡಿದಳು. ಕಲ್ಲಿನ ಸಾಲು ನೆಟ್ಟಗೆ ಆ ಗೋಡೆಯ ತೂತಿನ ಕಡೆಗೇ ಮುಖ ಮಾಡಿತ್ತು.

*

ಹದಿಮೂರು ವರ್ಷದ ಹಿಂದೆ ಅವಳ ಅತ್ತೆಯನ್ನು ಮಣ್ಣು ಮಾಡಿದ್ದು ಹಳೇ ಪಾಲಿನಲ್ಲಿ. ಇವತ್ತಿನ ಹಾಗೇ ಎರಡು ದಿನ ಮಳೆ ಹೊಡೆದು ನಿಂತಿತ್ತು. ಗುಂಡಿಗೆ ನಾಲ್ಕೂ ಕಡೆಯಿಂದ ನೀರು ಜಿನುಗುತ್ತಿತ್ತು. ಗಂಡ ಒಳಗಿಳಿದು ಕೈಬಕೆಟ್ಟಿನಲ್ಲಿ ಮೊಗೆದು ಮೊಗೆದು ಎಸೆದ. ಮೊಗೆದಷ್ಟೂ ಬಂತು. ಕೊನೆಗೆ ಹಾಗೇ ಪೆಟ್ಟಿಗೆ ಇಳಿಸಿದರು. ಅದು ಚಪ್ಪೆಂದು ನೀರಿಗೆ ತಾಗಿ ಒಂದು ಗಳಿಗೆ ತೇಲಿತು.

"ಆ ಸದ್ದು ಕೇಳಿದ್ಯಾ?" ಎಂದು ಮನೆಗೆ ಬರುವಾಗ ಕೇಳಿದ್ದ. "ಅಮ್ಮನ್ನ ನೀರಿಗೆ ಹಾಕಿ ಬಂದ ಹಾಗಾಯ್ತು ಕಣೇ." ಆಮೇಲೆ ಆ ಮಾತೇ ಆಡಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಹೊಸ ಪಾಲಿನ ಕೆಲಸ ಹೇಳಲು ಅಧ್ಯಕ್ಷರು ಮನೆಗೆ ಬಂದಿದ್ದರು.

"ಕಲ್ಲು ತುಂಬಿ ಒಂದು ಬಸಿಗಾಲುವೆ ಮಾಡಿಬಿಡ್ತೀನಿ," ಎಂದಿದ್ದ ಗಂಡ. "ಮೇಲಿಂದ ಬರೋ ನೀರು ಒಳಗೊಳಗೇ ಬಸಿದು ಗೋಡೆಯಾಚೆ ಹೋಗುತ್ತೆ."

"ಸತ್ತವರಿಗೆ ನೆಗಡಿ ಆಗುತ್ತೇನಯ್ಯಾ?" ಅಧ್ಯಕ್ಷರು ಹೊಟ್ಟೆ ಕುಣಿಸಿ ನಕ್ಕಿದ್ದರು. "ಒಂದು ಕಲ್ಲೂ ಇಲ್ಲಿ ಉಳೀಬಾರದು, ಎಲ್ಲ ರಸ್ತೆಗೆ ಬೇಕು. ಹೇಳಿದಷ್ಟು ಮಾಡು."

ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದ ಅವಳೂ ನಕ್ಕಿದ್ದಳು. ನಕ್ಕು ಮರೆತೂಬಿಟ್ಟಿದ್ದಳು.

*

"ಕೊಡು ಇಲ್ಲಿ," ಎಂದು ಮುದುಕನ ಕೈಯಿಂದ ಕ್ಯಾನ್ ಕಿತ್ತುಕೊಂಡು ಅವಳು ಗುಂಡಿಯ ಅಂಚಿಗೆ ನಡೆದಳು.

"ಅತ್ತೆ, ಜಾರುತ್ತೆ!" ಎಂದು ಅಳಿಯ ಯಂತ್ರದಿಂದ ಕೆಳಗೆ ಹಾರಿ ರಟ್ಟೆ ಹಿಡಿದುಕೊಂಡ.

ಅವಳು ಕ್ಯಾನಿನ ನೀರನ್ನು ಆ ಕಲ್ಲುಗಳ ಮೇಲೆ ಸುರಿದಳು. ನೀರು ಗುಳುಗುಳು ಎಂದು ಕಲ್ಲಿನ ಸಂದಿಗೆ ಇಳಿದು ಮಾಯವಾಯಿತು. ಎರಡು ದಿನದ ಮಳೆಯಾಗಿದ್ದರೂ ಗುಂಡಿಯ ತಳದಲ್ಲಿ ಬೊಗಸೆ ನೀರಿರಲಿಲ್ಲ.

"ಅದು ಒರತೆ ಅಲ್ಲ," ಎಂದಳು. ದನಿ ಹಿಂದಿನ ಸಾಲಿನವರೆಗೂ ಕೇಳಿಸಿತು. "ಬಸಿಗಾಲುವೆ. ನಮ್ಮವರು ಮಾಡಿದ್ದು. ಕದ್ದು ಮಾಡಿದ್ದು, ಹೌದು. ನಾನೇ ಕಣ್ಣಾರೆ ನೋಡಿದೀನಿ. ಅಧ್ಯಕ್ಷರೇ, ನಿಮ್ಮ ತಂದೆ ಎಲ್ಲಿ ಮಲಗಿದಾರೆ?"

"ಯಾಕಮ್ಮ... ಆ ಮೂಲೇಲಿ."

"ಹೊಸ ಪಾಲಲ್ಲೇ ತಾನೇ? ಅವತ್ತೂ ಮಳೆ ಸುರೀತಿತ್ತು, ನಾನೂ ಬಂದಿದ್ದೆ. ನೀರಿತ್ತಾ ಗುಂಡೀಲಿ?"

ಅಧ್ಯಕ್ಷರು ಆ ಮೂಲೆ ನೋಡಿದರು, ಗುಂಡಿ ನೋಡಿದರು.

"ಇರ್ಲಿಲ್ಲ," ಎಂದರು ಕೊನೆಗೆ.

"ಸತ್ತವರಿಗೆ ನೆಗಡಿ ಆಗಲ್ಲ ಅಂದಿದ್ರಿ ನೀವು. ನಾನೂ ನಕ್ಕಿದ್ದೆ. ಇಳಿಸೋದಾದ್ರೆ ಇಳಿಸಿ ಹಲಗೇನ."

ಅಷ್ಟು ಹೇಳುವವರೆಗೆ ಇದ್ದ ಬಿಗಿ ಅಲ್ಲಿಗೇ ಸಡಿಲಾಯಿತು. ಪೆಟ್ಟಿಗೆಯ ಹತ್ತಿರ ಬಂದು ಕುಸಿದು, ಮುಚ್ಚಳದ ಮೇಲೆ ಕೈಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. "ನಾನೊಂದು ಮಾತು ಕೇಳಿದ್ರೆ ಆಗ್ತಿತ್ತಲ್ರೀ. ಹನ್ನೊಂದು ವರ್ಷ ನಿಮ್ಮನ್ನ ಕಳ್ಳ ಅಂದ್ಕೊಂಡೇ ಊಟಕ್ಕೆ ಬಡಿಸಿದೆನಲ್ರೀ!"

"ಹಾಗಾದ್ರೆ ಗಡಿಗೆ ಇಲ್ವಾ?" ಎಂದು ನಾದಿನಿ ಪಕ್ಕದವರನ್ನು ಮೆಲ್ಲಗೆ ಕೇಳಿದಳು. ಕೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ, ಬಂದು ಅತ್ತಿಗೆಯ ಬೆನ್ನು ಸವರಿದಳು.

ಅಳಿಯ ಹೊರಗೆ ಬಂದಿದ್ದ ಕಲ್ಲುಗಳನ್ನು ತೋರಿಸಿ, "ಇವನ್ನೆಲ್ಲಿ ಹಾಕ್ಲಿ ಅತ್ತೆ?" ಎಂದ.

"ಇದ್ದಲ್ಲಿಗೇ ಹಾಕಪ್ಪ. ಮಣ್ಣು ಸೇರಿಸ್ಬೇಡ, ಕಟ್ಕೊಳ್ಳುತ್ತೆ."

ಅವನು ಸಾದಾ ಬಕೆಟ್ ಕಳಚಿ, ಪೆಟ್ಟಿಗೆಯ ಪಕ್ಕದಲ್ಲಿದ್ದ ಮಾವನ ಬಕೆಟ್ ಸಿಕ್ಕಿಸಿದ. ಕಲ್ಲು ಬಾಚಿ ಎತ್ತಿ ಸಣ್ಣಗೆ ಕುಲುಕಿದ. ಕೈ ಪಳಗಿರಲಿಲ್ಲ, ಮೊದಲ ಸಲ ಜೋರಾಯಿತು. ಎರಡನೆಯ ಸಲ ಮಣ್ಣು ಉದುರಿ ಕಲ್ಲು ಮಾತ್ರ ಉಳಿಯಿತು. ಅವನ್ನು ಒಂದೊಂದಾಗಿ ಹಳೆಯ ಸಾಲಿಗೆ ಕೂರಿಸಿ ಮುಚ್ಚಿ, ಒಂದು ಮಾರು ಈಚೆಗೆ ಹೊಸ ಗುಂಡಿ ತೋಡಿದ.

ಪೆಟ್ಟಿಗೆ ಇಳಿಸುವಾಗ ಅವಳು ಅಳು ತಡೆದುಕೊಂಡು ಕಿವಿಗೊಟ್ಟಳು. ಹಗ್ಗ ಜಾರಿತು. ತಳ ಮುಟ್ಟಿದಾಗ ದಬ್ ಎಂದಿತು, ಒಣಗಿದ ನೆಲದ ಮೇಲೆ ಯಾರೋ ಹೊರೆ ಇಳಿಸಿದ ಹಾಗೆ.

ಎಲ್ಲರೂ ಮಣ್ಣು ಹಾಕಿ ಕೈ ತೊಳೆಯಲು ಗೋಡೆಯ ಕಡೆ ಇಳಿದರು. ಹಲಗೆಯ ಸುದ್ದಿ ಯಾರೂ ಎತ್ತಲಿಲ್ಲ. ಅವಳು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಮೊನೆ ಎಲ್ಲೂ ನೆಲಕ್ಕೆ ತಾಗದ ಹಾಗೆ, ನಿಧಾನವಾಗಿ ನಡೆದಳು. ತೂತಿನಿಂದ ನೀರು ಇನ್ನೂ ಕೆಂಪಗೆ ಬರುತ್ತಿತ್ತು. ಅದರ ಮುಂದೆ ಅಧ್ಯಕ್ಷರು ಮಣ್ಣು ಮೆತ್ತಿದ ಎರಡೂ ಕೈಗಳನ್ನು ಚಾಚಿಕೊಂಡು, ಅದು ತಿಳಿಯಾಗುವುದನ್ನೇ ಕಾಯುತ್ತಾ ನಿಂತಿದ್ದರು.