ಊರಿಗೊಂದೇ ಬೇಡಿಕೆ

ಹಿಂದಿನ ದಿನ ಕಟ್ಟೆಯ ಮೇಲೆ ಕೂತು ಹಟ್ಟಿಯವರೆಲ್ಲ ಒಪ್ಪಿದ್ದು ಒಂದೇ ಮಾತು: ಚಿತ್ರದುರ್ಗದ ಸಭೆಯಲ್ಲಿ ಬೆಳಗಿನ ಬಸ್ಸು ಕೇಳುವುದು. ಯಲ್ಲದಕೆರೆಯಾಚೆಗಿನ ಆ ಹಟ್ಟಿಗೆ ಬರುವ ಒಂದೇ ಬಸ್ಸು ಹಿರಿಯೂರು ಮುಟ್ಟುವಷ್ಟರಲ್ಲಿ ಕಾಲೇಜಿನಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಹಾಜರಿ ಸಾಲದು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ರಂಗೇಶನ ಮಗಳು ಮಾನಸಳಿಗೆ ಹೇಳಿಬಿಟ್ಟಿದ್ದರು. ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿರಲಿಲ್ಲ. ಬೈಕಿನಲ್ಲಿ ಬಿಟ್ಟು ಬರೋಣವೆಂದರೆ ರಂಗೇಶ ನಸುಕಿಗೇ ಕ್ವಾರಿಯಲ್ಲಿರಬೇಕು.

"ನೀನು ಸುಮ್ಕಿರಲೇ, ನಾನು ಕೇಳ್ತೀನಿ," ಎಂದಿದ್ದ ಹಟ್ಟಿಯ ಯಜಮಾನ ಎತ್ತಪ್ಪ. ರಂಗೇಶನಿಗೆ ಅವನು ದೊಡ್ಡಪ್ಪನಾಗಬೇಕು.

ಚಿತ್ರದುರ್ಗದ ಸಭಾಂಗಣದ ಗೋಡೆ ತುಂಬ ಜಿಲ್ಲೆಯ ನಕ್ಷೆ. ಬೆಂಗಳೂರಿನಿಂದ ಬಂದ ಅಧಿಕಾರಿ ಹೆಂಗಸು ಮೈಕು ಹಿಡಿದು, "ಇಪ್ಪತ್ತೈದು ವರ್ಷದ ಸಾರಿಗೆ ಯೋಜನೆ ಇದು. ನಿಮ್ಮೂರು ಆಗ ಹೇಗಿರಬೇಕು ಅಂತ ಕಣ್ಣು ಮುಚ್ಚಿ ಯೋಚನೆ ಮಾಡಿ. ಊರಿಗೊಂದೇ ಬೇಡಿಕೆ ಬರೆದುಕೊಳ್ತೀವಿ," ಎಂದಳು.

"ಕಣ್ಮುಚ್ಚಿದ್ರೆ ನಿದ್ದೇನೇ ಬರಾದು ಮೇಡಂ, ಈಗಷ್ಟೇ ಉಪ್ಪಿಟ್ಟು ತಿಂದೀವಿ," ಎಂದು ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು.

ಹಟ್ಟಿಯವರಿಗಿಂತ ಮುಂಚೆ ಎದ್ದವನು ಪಕ್ಕದೂರಿನ ರಾಮಾಂಜನೇಯ. ಗೋಮಾಳದ ಜಗಳದಿಂದ ಹಟ್ಟಿಗೂ ಆ ಊರಿಗೂ ಆಗಿಬರುತ್ತಿರಲಿಲ್ಲ. ಅವನು ನಾಲ್ಕು ಪಥದ ರಸ್ತೆ, ಅದರ ಮೇಲೊಂದು ಫ್ಲೈಓವರ್ ಕೇಳಿ ಚಪ್ಪಾಳೆ ಗಿಟ್ಟಿಸಿದ. ವಾಪಸು ಬರುವಾಗ ಎತ್ತಪ್ಪನ ಹತ್ತಿರ ನಿಂತು, "ನೀವೇನ್ರಿ ಯಜಮಾನ್ರೇ, ಒಂದು ಬಸ್ಸಾ?" ಎಂದು ಹಲ್ಲು ಕಿರಿದ.

ಎತ್ತಪ್ಪ ಎದ್ದು ಹೋಗಿ, ತಂದಿದ್ದ ಕರಿಕಂಬಳಿಯನ್ನು ಅಧಿಕಾರಿಯ ಹೆಗಲಿಗೆ ಹೊದಿಸಿದ. ರಂಗೇಶ ಕುರ್ಚಿಯ ತುದಿಗೆ ಸರಿದ.

"ಕಂಬಳಿ ಹೊದ್ಸಿ ಸಣ್ಣದು ಕೇಳಾರಲ್ಲ ತಾಯಿ ನಾವು. ನಮ್ಮ ಹಟ್ಟಿಗೆ ರೈಲ್ವೆ ಸ್ಟೇಷನ್ನೇ ಬೇಕು!"

ಚಪ್ಪಾಳೆ ಫ್ಲೈಓವರಿಗಿಂತ ಜೋರಾಗಿ ಬಿತ್ತು. ರಂಗೇಶ ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ. ದೊಡ್ಡಪ್ಪನ ಮಾತಿಗೆ ಅವನು ಯಾವತ್ತೂ ಎದುರಾಡಿದವನಲ್ಲ.

"ಮೇಡಂ, ಅದಲ್ರಿ... ಬೆಳಿಗ್ಗೆ ಒಂದು ಬಸ್ಸು. ಅಷ್ಟೇ."

ಅಧಿಕಾರಿ ಬೇಸರಿಸಲಿಲ್ಲ. "ನೀವೇ ತೀರ್ಮಾನ ಮಾಡಿ. ಬಸ್ಸು ಅನ್ನೋರು ಕೈ ಎತ್ತಿ."

ರಂಗೇಶ ಕೈ ಎತ್ತಿ ಹಿಂದೆ ನೋಡಿದ. ನಿನ್ನೆ ಕಟ್ಟೆಯ ಮೇಲಿದ್ದವರೇ ಎಲ್ಲರೂ. ಗೋವರ್ಧನನೂ ಇದ್ದ, ಅವನ ಮಗಳು ಸಹನಾಳದೂ ಅದೇ ಕಾಲೇಜು, ಅದೇ ತೊಂದರೆ. ಗೋವರ್ಧನ ರಾಮಾಂಜನೇಯನ ಕಡೆ ಒಮ್ಮೆ ನೋಡಿದ. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡ.

"ರೈಲು?"

ಹಟ್ಟಿಗೆ ಹಟ್ಟಿಯೇ ಕೈ ಎತ್ತಿತು.

ವಾಪಸು ಬರುವಾಗ ಟೆಂಪೊದಲ್ಲಿ ನಗೆಯೋ ನಗೆ. ಸ್ಟೇಷನ್ ಮಾಸ್ತರ ಯಾರು, ಚಹಾ ಮಾರುವವನು ಯಾರು ಎಂಬ ಹಂಚಿಕೆಯೂ ಆಯಿತು. ಎತ್ತಪ್ಪ ರಂಗೇಶನ ಭುಜದ ಮೇಲೆ ಕೈ ಹಾಕಿದ.

"ಮುಖ ಯಾಕಲೇ ಹಂಗಿಟ್ಕಂಡಿದೀಯ? ಆ ನನ್ಮಗನ ಮುಂದೆ ಬಸ್ಸು ಅಂತ ಬಾಯಿ ಬಿಡಾಕಾಗ್ತಿತ್ತಾ? ಮಾನಸನ ಮಕ್ಳು ರೈಲಾಗೇ ಓದಾಕೋಗ್ತಾವೆ, ನೋಡ್ತಿರು."

ಅವನ ದನಿಯಲ್ಲಿ ಕುಹಕವಿರಲಿಲ್ಲ, ಅಕ್ಕರೆಯೇ ಇತ್ತು. ಅದಕ್ಕೇ ರಂಗೇಶನಿಗೆ ಬೈಯಲೂ ಆಗಲಿಲ್ಲ.

ಟೆಂಪೊ ನಿಂತಲ್ಲಿಗೆ ಮಾನಸ ಓಡಿಬಂದಳು. "ಬಸ್ಸು ಎಷ್ಟು ಗಂಟೆಗಂತಪ್ಪ?"

ಗೋವರ್ಧನ ಆಚೆ ಬದಿಯಿಂದ ಇಳಿದು ನಡೆದುಬಿಟ್ಟ.

"ರೈಲು ಕೇಳಿದ್ರು ಕಣವ್ವ."

ತಮಾಷೆಯೆಂದು ಅವಳು ನಕ್ಕಳು. ಅಪ್ಪನ ಮುಖ ನೋಡಿ ನಿಲ್ಲಿಸಿದಳು. ಮನೆಯ ಕುರಿದೊಡ್ಡಿ ಹತ್ತಿರ ಬಂದಾಗ ಅವಳೇ ಕೇಳಿದಳು:

"ನಾಳೆಯಿಂದ ಕುರಿ ನಾನೇ ಹೊಡ್ಕಂಡು ಹೋಗ್ಲಾ?"

ಬೇಡ ಅನ್ನಬೇಕೆಂದು ರಂಗೇಶ ಬಾಯಿ ತೆರೆದ.

"ಹೂಂ," ಎಂದ.