ಚೊಕ್ಕ ಜಾಗದ ಕೆಸರು

ಬಂದರಿನ ಬೀದಿಯವರು ಆಕೆಗೆ ಇಟ್ಟ ಹೆಸರು ಕೆಸರಕ್ಕ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ನೀರು ಇಳಿದ ಹೊತ್ತು ನೋಡಿ ದಡದ ಕೆಸರನ್ನು ಬಾಟಲಿಗೆ ತುಂಬಿಕೊಂಡು ಹೋಗುವವಳನ್ನು ಇನ್ನೇನಂತ ಕರೆದಾರು? ಸರ್ಕಾರಿ ಲ್ಯಾಬಿನಲ್ಲಿ ಆಕೆಯ ಕೆಲಸವೇ ಅದು. ಕೆಸರು ತಂದು, ಒಣಗಿಸಿ, ಅರೆದು ಯಂತ್ರಕ್ಕೆ ಕೊಟ್ಟು, ಅದರಲ್ಲಿ ಎಷ್ಟು ವಿಷವಿದೆ ಎಂದು ನೋಡುವುದು.

ಈ ಸಲ ಸಿಕ್ಕಿದ್ದು ಹಡಗು ರಿಪೇರಿ ಯಾರ್ಡಿನ ಕೇಸು. ಹಳೆ ಹಡಗುಗಳ ಬಣ್ಣ ಕೆರೆದು ನೀರಿಗೆ ಬಿಟ್ಟೂ ಬಿಟ್ಟೂ ಬಂದರಿನ ತಳವೆಲ್ಲ ಸೀಸವಾಗಿದೆ ಎಂದು ಬೀದಿಯವರು ದೂರು ಕೊಟ್ಟಿದ್ದರು. ದೂರು ಗಟ್ಟಿಯಾಗಿ ನಿಲ್ಲಬೇಕಾದರೆ ಪಕ್ಕದಲ್ಲಿ ಒಂದು ಚೊಕ್ಕ ಜಾಗದ ಕೆಸರನ್ನೂ ಇಟ್ಟು ತೋರಿಸಬೇಕು. ಬಿಳಿ ಬಟ್ಟೆ ಜೊತೆಗಿಟ್ಟರೆ ತಾನೇ ಮಾಸಿದ್ದು ಎಷ್ಟು ಮಾಸಿದೆ ಎಂದು ಗೊತ್ತಾಗುವುದು?

ಲ್ಯಾಬಿನ ಸಾಹೇಬರು ನಕ್ಷೆ ಬಿಡಿಸಿ “ಅಂಥ ಜಾಗ ಎಲ್ಲಿದೆಯಮ್ಮ?” ಎಂದು ಕೇಳಿದಾಗ ಕೆಸರಕ್ಕ ಯೋಚಿಸಲೂ ಇಲ್ಲ, ಬೆರಳಿಟ್ಟೇಬಿಟ್ಟಳು. “ಇಲ್ಲಿ ಸರ್. ನನ್ನ ತಮ್ಮನ ಮನೆ ಮುಂದಿನ ಕೊಲ್ಲಿ. ನಾನು ಈಜು ಕಲಿತ ನೀರು. ಹಾಲಿದ್ದ ಹಾಗಿದೆ.”

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹುಟ್ಟಿದ ದಡವೂ ಹಾಗೆಯೇ.

ಫಲಿತಾಂಶ ಬಂದ ದಿನ ಆಕೆ ಬಾಟಲಿಗಳ ಚೀಟಿ ಅದಲುಬದಲಾಗಿದೆ ಎಂದುಕೊಂಡಳು. ಮತ್ತೆ ಹೋಗಿ ಕೆಸರು ತಂದಳು, ಯಂತ್ರವನ್ನು ತೊಳೆದು ಮತ್ತೆ ಓಡಿಸಿದಳು. ಅದೇ ಉತ್ತರ. ಬಂದರಿನಲ್ಲಿ ಎಷ್ಟು ಸೀಸವೋ ಕೊಲ್ಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ.

ಸಾಹೇಬರಿಗೆ ಮಾತ್ರ ಹೆಗಲ ಮೇಲಿನ ಭಾರ ಇಳಿದಂತಾಯಿತು. “ಎರಡೂ ಕಡೆ ಒಂದೇ ಅಂದಮೇಲೆ ಇದು ಈ ಕಡಲಿನ ಹುಟ್ಟುಗುಣ. ಯಾರ್ಡಿನವರದ್ದೇನೂ ತಪ್ಪಿಲ್ಲ ಅಂತ ಬರೆದುಬಿಡು.”

“ಹುಟ್ಟುಗುಣ ಆಗಿದ್ರೆ ಆಳದ ಮಣ್ಣಲ್ಲೂ ಇರಬೇಕಿತ್ತು ಸರ್. ಎರಡನೇ ಸಲ ಆಳದ್ದೂ ತೆಗೆದು ನೋಡಿದೆ, ಇದು ಮೇಲಿನ ಪದರದಲ್ಲಿ ಮಾತ್ರ ಇದೆ. ಯಾರೋ ತಂದು ಹಾಕಿದ್ದು. ನಂಗೆರಡು ದಿನ ಕೊಡಿ.”

ತಮ್ಮನದು ಚಿಪ್ಪುಮೀನಿನ ಕೃಷಿ. ನೀರಲ್ಲಿ ಸಾಲಾಗಿ ಹಗ್ಗ ಇಳಿಬಿಟ್ಟು ಬೆಳೆಸುತ್ತಾನೆ. ಆಕೆ ಹೋದಾಗ ಅವನು ಹೊಸ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕಳೆದ ವರ್ಷ ಬಂದಾಗ ಈ ಕಟ್ಟೆ ನೋಡಿ ತಮ್ಮ ತನ್ನ ಕಾಲ ಮೇಲೆ ನಿಂತ ಎಂದು ಹಿಗ್ಗಿದ್ದಳೇ ಹೊರತು ಬೇರೇನೂ ಕೇಳಿರಲಿಲ್ಲ. ಈಗ ಕೇಳಿದಳು.

“ಈ ಕಟ್ಟೆಗೆ ಮಣ್ಣು ಎಲ್ಲಿಂದ ತಂದ್ಯೋ?”

“ತರೋದೇನು ಬಂತಕ್ಕ, ಬಂದರಿನವರೇ ತಂದು ಸುರಿದ್ರು. ಬಂದರಿನ ಹೂಳು ಎತ್ತಿದ್ರಲ್ಲ, ಹಾಕೋಕೆ ಜಾಗ ಹುಡುಕ್ತಿದ್ರು. ಪುಕ್ಕಟೆ! ದಡ ಕೊಚ್ಚಿ ಹೋಗ್ತಿತ್ತು, ನಂಗೂ ಆಯ್ತು, ಅವರಿಗೂ ಆಯ್ತು.”

“ಪುಕ್ಕಟೆ ಸಿಕ್ರೆ ನನಗೊಂದು, ನಮ್ಮಪ್ಪನಿಗೊಂದು,” ಎಂದಳು ಕೆಸರಕ್ಕ. ನಗು ಬರಲಿಲ್ಲ. ಪ್ರತಿ ಅಲೆಗೂ ಕಟ್ಟೆಯ ಬುಡದಿಂದ ಕಪ್ಪು ನೀರು ಜಾರಿ ಹಗ್ಗಗಳ ಕಡೆ ಹೋಗುತ್ತಿತ್ತು. ವಿಷಯ ಹೇಳಿದಳು.

ತಮ್ಮ ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟ. ಆಮೇಲೆ ದನಿ ತಗ್ಗಿಸಿದ. “ಬರೀತೀಯಾ?”

“ಬರೀದಿದ್ರೆ ಯಾರ್ಡಿನವರು ಮೀಸೆ ತಿರುವಿಕೊಂಡು ಹೋಗ್ತಾರೆ ಕಣೋ. ಬೀದಿ ಮಕ್ಕಳು ಆ ದಡದಲ್ಲೇ ಆಡ್ತವೆ.”

“ನನ್ನ ಚಿಪ್ಪುಮೀನು ಯಾರು ಕೊಳ್ತಾರೆ ಆಮೇಲೆ? ಜಾಗ ತೋರಿಸಿದವಳು ನೀನು, ಮುಚ್ಚಿಸೋಳೂ ನೀನೇ. ಊರವರ ಮಕ್ಕಳ ಮೇಲೆ ಮರುಕ, ಒಡಹುಟ್ಟಿದವನ ಹೊಟ್ಟೆಗೆ ಕಲ್ಲು!”

“ನಿನ್ನ ಮಗೂನೂ ಅದನ್ನೇ ತಿನ್ನುತ್ತಲ್ಲೋ.”

“ಗುಂಡುಕಲ್ಲಿನ ಹಾಗಿದಾನೆ ನನ್ ಮಗ! ಕೆಟ್ಟ ಬಾಯಿ ಬಿಡಬೇಡ!”

ಬಾಗಿಲಲ್ಲಿ ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗುವಿನ ಕೈಯಲ್ಲಿ ಖಾಲಿ ಚಿಪ್ಪೊಂದಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಸೆರಗಿನ ಮರೆಗೆ ಸೇರಿಸಿದಳು.

ಕೆಸರಕ್ಕ ಬರೆದಳು. ಬಂದರಿನ ವಿಷ ಯಾರ್ಡಿನದು, ಕೊಲ್ಲಿಯ ವಿಷ ಬಂದರಿನದು ಎಂದು, ಹೂಳು ಸಾಗಿಸಿದ್ದನ್ನೂ ಸೇರಿಸಿ, ಒಂದನ್ನೂ ಬಿಡದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ವಾರವೇ ಕೊಲ್ಲಿಯ ದಡದಲ್ಲಿ ಬೋರ್ಡು ನಿಂತಿತು: ಇಲ್ಲಿನ ಚಿಪ್ಪುಮೀನು ತಿನ್ನಬಾರದು, ಮಾರಬಾರದು. ತಮ್ಮನ ಹಗ್ಗಗಳನ್ನು ಕೊಯ್ದು ದಡಕ್ಕೆ ಎಳೆದು ಹಾಕಿದರು. ಯಾರ್ಡಿನ ವಕೀಲರೋ, ಹೋಲಿಸಿದ ಜಾಗವೇ ಕೆಟ್ಟಿರುವಾಗ ಆ ಪರೀಕ್ಷೆ ಪರೀಕ್ಷೆಯೇ ಅಲ್ಲ, ಹೊಸದಾಗಿ ಆಗಲಿ ಎಂದರು. ಮೇಲಿನವರು ಸರಿ ಎಂದರು. ಯಾರ್ಡಿನಲ್ಲಿ ಬಣ್ಣ ಕೆರೆಯುವ ಸದ್ದು ಒಂದು ದಿನವೂ ನಿಲ್ಲಲಿಲ್ಲ.

ಸಾಹೇಬರು ಮತ್ತೆ ನಕ್ಷೆ ಬಿಡಿಸಿದರು. “ಇನ್ನೊಂದು ಚೊಕ್ಕ ಜಾಗ ಹೇಳಮ್ಮ.”

ಕೆಸರಕ್ಕ ಎರಡು ಕೈಯನ್ನೂ ಕೋಟಿನ ಜೇಬಿಗೆ ಹಾಕಿಕೊಂಡಳು. “ನೀವೇ ತೋರಿಸಿ ಸರ್. ನಂಗೆ ನಂಟಿಲ್ಲದ ಜಾಗ ಆಗಿರಲಿ. ಈ ಸಲ ಮೊದಲು ಆಳದವರೆಗೆ ಅಗೆದು ನೋಡ್ತೀನಿ, ಆಮೇಲೆ ಚೊಕ್ಕ ಅಂತೀನಿ.”

ಜೇಬಿನಲ್ಲಿ ಫೋನು ನಡುಗಿತು. ತಮ್ಮನ ಹೆಂಡತಿ. ಹಿಂದೆ ನಲ್ಲಿ ನೀರು ಸುರಿಯುವ ಸದ್ದು, ಬೇಕೆಂದೇ ಬಿಟ್ಟಿದ್ದಳೇನೋ.

“ಅತ್ತಿಗೆ, ಮಗು ರಕ್ತ ಎಲ್ಲಿ ಪರೀಕ್ಷೆ ಮಾಡ್ತಾರೆ?”

“ನಾನೇ ಬಂದು ಕರ್ಕೊಂಡು ಹೋಗ್ತೀನಮ್ಮ.”

“ಬೇಡಿ. ನೀವು ಬಂದ್ರೆ ಅವರು ಬಾಗಿಲು ತೆಗೆಯಲ್ಲ. ನಾನು ಕೇಳಿದ್ದೂ ಅವರಿಗೆ ಗೊತ್ತಾಗಬಾರದು. ಎಲ್ಲಿ ಅಂತ ಹೇಳಿ, ಸಾಕು.”

ಕೆಸರಕ್ಕ ಆಸ್ಪತ್ರೆಯ ಹೆಸರು, ಬೀದಿ, ಯಾವ ಬಾಗಿಲಿಂದ ಒಳಗೆ ಹೋಗಬೇಕು ಎಂಬುದನ್ನು ನಿಧಾನವಾಗಿ, ಎರಡು ಸಲ ಹೇಳಿದಳು.